ಮ್ಯಾರೋ ಕೊಟ್ರ ಕಡಿಮಿ ಆಗತೈತೇನ್ರಿ?

ಬ್ಲಡ್ ಬ್ಯಾಂಕಿನ್ಯಾಗ ಕೆಲಸಕ್ಕ ಸೇರಿದವರಿಗೆ ಎಲ್ಲಾಕ್ಕಿಂತ ಮೊದಲ ಬಾಯಿಪಾಠ ಆಗೂದು ಎಕ್ಸ್‌ಪೈರಿ ತಾರೀಕು. ಕೆಂಪು ಕಣದ ಚೀಲ ಫ್ರಿಜ್‌ನ್ಯಾಗ 2ರಿಂದ 6 ಡಿಗ್ರಿಯೊಳಗ ಇಟ್ರ 35 ದಿನ, ಅದಕ್ಕಂತನ ಇರೂ ಬ್ಯಾರೆ ದ್ರಾವಣ ಕೂಡಿಸಿದ್ರ 42 ದಿನ. ಪ್ಲೇಟ್ಲೆಟ್ ಚೀಲಾ ಫ್ರಿಜ್‌ನ್ಯಾಗ ಇಡಂಗಿಲ್ಲ, 20ರಿಂದ 24 ಡಿಗ್ರಿಯೊಳಗ ಅಜಿಟೇಟರ್ ಮ್ಯಾಲೆ ಹಗಲೂ ರಾತ್ರಿ ಅಲ್ಲಾಡಕೋತ ಇರಬೇಕು, ಅಷ್ಟು ಜ್ವಾಕಿ ಮಾಡಿದ್ರೂ 5 ದಿನಕ್ಕ ಮುಗೀತು. ಡೆಂಗ್ಯೂ ಸೀಜನ್ನಿನ್ಯಾಗ ಈ 5 ದಿನ ಅನ್ನೂದು ಎಷ್ಟ ಸಣ್ಣದು ಅಂತ ಬಾಗಲಕೋಟಿ, ವಿಜಯಪುರ, ಬೆಳಗಾವಿ ಯಾವ ಊರಿನ ಬ್ಲಡ್ ಬ್ಯಾಂಕಿನವರನ್ನ ಕೇಳಿದ್ರೂ ಹೇಳ್ತಾರ.

ಮೈಯಾಗ ಇದ್ದಾಗ ಇವಕ್ಕ ಆಯುಷ್ಯ ಸ್ವಲ್ಪ ಹೆಚ್ಚಿಗಿ ಐತಿ, ಆದ್ರ ಭಾಳೇನಲ್ಲ. ಕೆಂಪು ಕಣ ಸುಮಾರು 120 ದಿನ ತಿರಗತೈತಿ, ಪ್ಲೇಟ್ಲೆಟ್ 8-10 ದಿನ, ಸೋಂಕು ಬಂದಾಗ ಮೊದಲ ಹೋಗಿ ಹೊಡದಾಡೂ ನ್ಯೂಟ್ರೋಫಿಲ್ ಅನ್ನೂ ಬಿಳಿ ಕಣ ರಕ್ತದಾಗ ಒಂದು ದಿನ ಪೂರ್ತಿ ಉಳಿಯೂದೂ ಕಷ್ಟ. ಸಂಕ್ರಾಂತಿ ದಿನ ನಿಮ್ಮ ಮೈಯಾಗ ಓಡಾಡತಿದ್ದ ಕೆಂಪು ಕಣದಾಗ ಕಾರಹುಣ್ಣಿವಿ ಬರೂ ಹೊತ್ತಿಗೆ ಹೆಚ್ಚೂ ಕಡಿಮಿ ಒಂದೂ ಉಳದಿರಂಗಿಲ್ಲ. ದೊಡ್ಡ ಮನಷ್ಯಾನ ಮೈಯಾಗ ಸುಮಾರು 25 ಲಕ್ಷ ಕೋಟಿ ಕೆಂಪು ಕಣ ಇರತಾವ, ಅದರಾಗ ದಿನಾ 20,000 ಕೋಟಿ ಸಾಯತಾವ, ದಿನಾ 20,000 ಕೋಟಿ ಹೊಸಾವು ಹುಟ್ಟತಾವ. ಸೆಕೆಂಡಿಗೆ ಲೆಕ್ಕಾ ಹಾಕಿದ್ರ 20 ಲಕ್ಷದ ಮ್ಯಾಲೆ. ಇದು ಕೆಂಪು ಕಣದ್ದೊಂದ, ಪ್ಲೇಟ್ಲೆಟ್ ಬ್ಯಾರೆ, ಬಿಳಿ ಕಣ ಬ್ಯಾರೆ.

ಇಷ್ಟೆಲ್ಲಾದರ ಮೂಲ ಹುಡಿಕ್ಕೋತ ಹಿಂದ ಹಿಂದ ಹೋದ್ರ ಸಿಗೂವು ರಕ್ತದ ಸ್ಟೆಮ್ ಸೆಲ್. ಇವು ಎಷ್ಟದಾವ ಅಂತ 2018ರಾಗ ಇಂಗ್ಲೆಂಡಿನ ಸಂಶೋಧಕರು 59 ವರ್ಷದ ಒಬ್ಬ ಆರೋಗ್ಯವಂತ ಮನಷ್ಯಾನ ರಕ್ತಾ ಮತ್ತ ಮ್ಯಾರೋ, ಅಂದ್ರ ಎಲಬಿನೊಳಗ ರಕ್ತ ಹುಟ್ಟೂ ಮೆತ್ತನ ಭಾಗ, ತಗೊಂಡು, ಒಂದೊಂದ ಕೋಶದಾಗ ಹುಟ್ಟಿದಾಗಿಂದ ಕೂಡಿಕೊಂಡ ಬಂದ ಡಿಎನ್‌ಎ ಬದಲಾವಣಿ ಓದಿ, ಯಾವ ಕೋಶಕ್ಕ ಯಾವ ಕೋಶ ಎಷ್ಟ ಹತ್ತಿರದ ಸಂಬಂಧ ಅಂತ ವಂಶಾವಳಿ ಬರದು ಲೆಕ್ಕಾ ಹಾಕಿದ್ರು. 50,000ದಿಂದ 2 ಲಕ್ಷ. ಅಷ್ಟ. ಆ 25 ಲಕ್ಷ ಕೋಟಿ ಬರೂದು ಈ ಒಂದೆರಡು ಲಕ್ಷದಿಂದ, ಅದೂ ಒಂದ ಸಲಕ್ಕಲ್ಲ, ಸಾಯೂತನಕ ದಿನಾ.

ಈ ಲೆಕ್ಕಾ ಇಷ್ಟ ಎಳದು ಹೇಳಾಕ ಕಾರಣ ಐತಿ. ನಾನು ಕೆಲಸಾ ಮಾಡೂ ಬ್ಲಡ್ ಬ್ಯಾಂಕಿಗೆ ಮೂರು ವಾರಕ್ಕೊಮ್ಮೆ ರಕ್ತ ಏರಿಸಿಕೊಳ್ಳಾಕ ಥಲಸೀಮಿಯಾ ಮಕ್ಕಳು, ಅಂದ್ರ ಹುಟ್ಟಿನಿಂದ ಹಿಮೋಗ್ಲೋಬಿನ್ ಸರಿಯಾಗಿ ಆಗದ ಮಕ್ಕಳು, ಬರತಾವ. ಹುನಗುಂದ ಕಡಿಂದ ಮಗನ್ನ ಕರಕೊಂಡು ಬರೂ ಒಬ್ಬ ತಾಯಿಗೆ ಡಾಕ್ಟರು ಟ್ರಾನ್ಸ್‌ಪ್ಲಾಂಟ್ ವಿಚಾರ ಹೇಳಿದ್ರು, ಹುಡುಗನ ತಂಗೀದು ಕೋಶದ ಮ್ಯಾಲಿನ ಗುರುತು, ಅಂದ್ರ ಎಚ್‌ಎಲ್‌ಎ ಮ್ಯಾಚ್ ಆಗತೈತೇನು ನೋಡೂಣು ಅಂದಿದ್ರು. ಆಕಿ ನನ್ನ ಕಡೆ ಬಂದು ಧ್ವನಿ ತಗ್ಗಿಸಿ ಕೇಳಿದ್ಲು, "ಅಣ್ಣಾರ, ಸಣ್ಣಾಕಿದು ಮ್ಯಾರೋ ತಗದು ಇವಗ ಹಾಕ್ತಾರಂತ. ತಗದ್ರ ಆಕಿಗೆ ಕಡಿಮಿ ಆಗಂಗಿಲ್ಲೇನ್ರಿ? ನಾಳೆ ಲಗ್ನಾ ಮಾಡಿ ಕೊಡೂ ಹುಡುಗಿ."

ಕಡಿಮಿ ಆಗಂಗಿಲ್ಲವಾ, ತಗದಷ್ಟು ಮತ್ತ ತುಂಬಿ ಬರತೈತಿ ಅಂತ ಅಲ್ಲೇ ಹೇಳಿದೆ, ಡಾಕ್ಟರೂ ಹೇಳಿದ್ರು. ಆದ್ರ "ಮತ್ತ ತುಂಬಿ ಬರತೈತಿ" ಅನ್ನೂ ಈ ಮಾತಿನೊಳಗ ಎಷ್ಟ ಐತಿ ಅನ್ನೂದನ್ನ ರಕ್ತದ ರಿಪೋರ್ಟ್ ಹಿಡಕೊಂಡು ನಿಂತ ಎರಡು ನಿಮಿಷದಾಗ ಹೇಳಾಕ ಆಗಂಗಿಲ್ಲ. ಅದಕ್ಕ ಇಲ್ಲಿ ಕುಂತು ಬರಿಯಾಕ ಹತ್ತೀನಿ, ಆಕಿ ಕೇಳಿದ್ದು ಖರೇನ ದೊಡ್ಡ ಪ್ರಶ್ನೆ.

ಸ್ಟೆಮ್ ಸೆಲ್ಲಿನ ಮುಂದ ಯಾವಾಗ್ಲೂ ಎರಡು ದಾರಿ. ಒಂದು, ಇದ್ದಂಗ ಇರೂದು, ಅಂದ್ರ ಒಡದು ಎರಡಾದ್ರೂ ಹುಟ್ಟಿದ್ದು ತನ್ನಂಥಾದ್ದ ಇನ್ನೊಂದು ಸ್ಟೆಮ್ ಸೆಲ್ ಆಗೂದು. ಇನ್ನೊಂದು, ಬದಲಾಗಕೋತ ಹೋಗಿ ಕೆಂಪು ಕಣಾನೋ ಪ್ಲೇಟ್ಲೆಟ್ಟೋ ಬಿಳಿ ಕಣಾನೋ ಆಗೂದು, ಆ ದಾರಿ ಹಿಡದ ಮ್ಯಾಲೆ ಹಿಂದಕ್ಕ ಬರಂಗಿಲ್ಲ. ಒಮ್ಮೊಮ್ಮೆ ಎರಡೂ ಮರಿ ಸ್ಟೆಮ್ ಸೆಲ್ಲಾಗೇ ಉಳೀತಾವ, ಒಮ್ಮೊಮ್ಮೆ ಒಂದು ಉಳದು ಒಂದು ಹೋಗತೈತಿ, ಒಮ್ಮೊಮ್ಮೆ ಎರಡೂ ಹೋಗತಾವ. ಒಟ್ಟಾರೆ ಸರಾಸರಿ ಒಂದಕ್ಕ ಒಂದು ಉಳೀಬೇಕು. ಇದಕ್ಕಿಂತ ಕಡಿಮಿ ಉಳದ್ರ ಕೆಲವು ವರ್ಷದಾಗ ಮ್ಯಾರೋ ಬರಿದಾಗತೈತಿ, ಹೆಚ್ಚಿಗಿ ಉಳಕೋತ ಹೋದ್ರ ಅದು ಬ್ಯಾರೆ ರೋಗಕ್ಕ ದಾರಿ.

ನಮ್ಮ ಎರಿ ಭೂಮಿ ಕಡೆ ಮಂದಿಗೆ ಈ ಮಾತು ಹೊಸಾದಲ್ಲ. ಹಿಂಗಾರಿ ಬಿಳಿಜ್ವಾಳ ರಾಶಿ ಆದಾಗ ಛಲೋ ಛಲೋ ತೆನಿ ಆರಿಸಿ, ಬಡದು, ಬೂದಿ ಮತ್ತ ಬೇವಿನ ಸೊಪ್ಪು ಕೂಡಿಸಿ, ಬಿತ್ತೂ ಜ್ವಾಳ ಅಂತ ಬ್ಯಾರೆ ಇಡತಿದ್ರು. ಬರಗಾಲ ಬಿದ್ದು ಮನ್ಯಾಗ ರೊಟ್ಟಿಗೆ ಹಿಟ್ಟಿಲ್ಲದಾಗೂ ಅದನ್ನ ಬೀಸಾಕ ಯಾರೂ ಕೈ ಹಾಕತಿರಲಿಲ್ಲ, ಯಾಕಂದ್ರ ಅದನ್ನ ತಿಂದ್ರ ಇವತ್ತಿನ ಹೊಟ್ಟಿ ತುಂಬತೈತಿ, ಮುಂದಿನ ವರ್ಷ ಅನ್ನೂದ ಇರಂಗಿಲ್ಲ. ಮ್ಯಾರೋದೊಳಗೂ ತಿನ್ನೂ ಕಾಳು ಮತ್ತ ಬಿತ್ತೂ ಕಾಳು ಬ್ಯಾರೆ ಬ್ಯಾರೆ ಅದಾವ. ಆದ್ರ ಹೋಲಿಕಿ ಇಲ್ಲಿಗೆ ನಿಲ್ಲತೈತಿ. ಜ್ವಾಳದ ಕಾಳಿಗೆ ತಾನು ಬೀಜ ಆಗಬೇಕೋ ರೊಟ್ಟಿ ಆಗಬೇಕೋ ಗೊತ್ತಿಲ್ಲ, ಆರಿಸೂ ಕೈ ಬ್ಯಾರೇದು. ಮ್ಯಾರೋದಾಗ ಆರಿಸೂ ಕೈ ಎಲ್ಲೈತಿ, ಯಾರದು? ನನಗ ಈ ವಿಷಯದ ಹುಚ್ಚು ಹಿಡದಿದ್ದ ಈ ಪ್ರಶ್ನೆಯಿಂದ.

ಸ್ಟೆಮ್ ಸೆಲ್ ಅನ್ನೂದು ಖರೇನ ಐತಿ ಅಂತ ಮೊದಲ ತೋರಿಸಿದ್ದು ಟೊರೊಂಟೊದಾಗ. ಇಬ್ಬರು, ಒಬ್ಬಾಂವ ಜೇಮ್ಸ್ ಟಿಲ್, ಕೆನಡಾದ ರೈತ ಮನೆತನದಿಂದ ಬಂದ ಭೌತವಿಜ್ಞಾನಿ, ಇನ್ನೊಬ್ಬಾಂವ ಅರ್ನೆಸ್ಟ್ ಮೆಕಲಕ್, ಡಾಕ್ಟರು. ಕಾಲ ಎಂಥಾದ್ದು ಅಂದ್ರ, ಹಿರೋಶಿಮಾ ಆಗಿ ಹೆಚ್ಚು ವರ್ಷ ಆಗಿರಲಿಲ್ಲ. ಬಾಂಬಿನ ಬೆಂಕಿಯಿಂದ ಉಳದವರು ಕೆಲವು ವಾರ ಬಿಟ್ಟು ರಕ್ತಸ್ರಾವದಿಂದ, ಸೋಂಕಿನಿಂದ ಸತ್ತಿದ್ರು, ಯಾಕಂದ್ರ ರೇಡಿಯೇಷನ್ ಅವರ ಮ್ಯಾರೋ ಸುಟ್ಟುಬಿಟ್ಟಿತ್ತು. ಮ್ಯಾರೋದಾಗ ಎಷ್ಟ ಕೋಶ ಉಳದ್ರ ಜೀವ ಉಳೀತೈತಿ ಅನ್ನೂದು ಆವಾಗ ಎಲ್ಲಾರ ಪ್ರಶ್ನೆ ಆಗಿತ್ತು. ಇವರಿಬ್ಬರೂ ಇಲಿಗಳಿಗೆ ಸಾಯೂವಷ್ಟು ರೇಡಿಯೇಷನ್ ಕೊಟ್ಟು, ಬ್ಯಾರೆ ಇಲಿಯ ಮ್ಯಾರೋ ಕೋಶ ಎಣಿಸಿ ಎಣಿಸಿ ಇಂಜೆಕ್ಷನ್ ಮಾಡ್ತಿದ್ರು. ಒಂದು ರವಿವಾರ ಮೆಕಲಕ್ ಲ್ಯಾಬಿಗೆ ಹೋಗಿ, 10 ದಿನ ಆದ ಇಲಿ ಕೊಯ್ದು ನೋಡಿದ್ರ, ಗುಲ್ಮದ (ಸ್ಪ್ಲೀನ್) ಮ್ಯಾಲೆ ಗಂಟು ಗಂಟು ಎದ್ದಿದ್ದವು. ಎಣಿಸಿ ನೋಡಿದ್ರ ಹೆಚ್ಚು ಕೋಶ ಹಾಕಿದ ಇಲಿಗೆ ಹೆಚ್ಚು ಗಂಟು, ಕಡಿಮಿ ಹಾಕಿದ್ದಕ್ಕ ಕಡಿಮಿ, ಸುಮಾರು 10,000 ಮ್ಯಾರೋ ಕೋಶಕ್ಕ ಒಂದು ಗಂಟು. 1961ರಾಗ ಇದು ಪ್ರಕಟ ಆತು. ರೇಡಿಯೇಷನ್ ವಿಷಯದ ಪತ್ರಿಕೆಯಾಗ ಬಂದಿದ್ದಕ್ಕ ಮೊದಲ ಭಾಳ ಮಂದಿ ಓದಲೂ ಇಲ್ಲ ಅಂತಾರ.

ಒಂದು ಗಂಟು ಒಂದ ಕೋಶದಿಂದ ಬಂತೋ, ಹತ್ತಾರು ಕೋಶ ಕೂಡಿ ಮಾಡಿದ್ವೋ? ಇದನ್ನ 1963ರಾಗ ಅವರ ವಿದ್ಯಾರ್ಥಿ ಆಂಡ್ರ್ಯೂ ಬೆಕರ್ ಬಿಡಿಸಿದ. ಕೋಶಗಳಿಗೆ ಸ್ವಲ್ಪ ರೇಡಿಯೇಷನ್ ಕೊಟ್ಟು ಕ್ರೋಮೋಸೋಮಿನ್ಯಾಗ ಒಂದೊಂದಕ್ಕ ಒಂದೊಂದು ನಮೂನಿ ಗುರುತು ಬೀಳೂಹಂಗ ಮಾಡಿದ, ಆಮ್ಯಾಲೆ ಗಂಟಿನೊಳಗ ನೋಡಿದ್ರ ಅಲ್ಲಿರೂ ಕೋಶಗಳಿಗೆಲ್ಲಾ ಒಂದ ಗುರುತು. ಅಂದ್ರ ಒಂದ ತಾಯಿ ಮಕ್ಕಳು. ಆ ಒಂದ ಗಂಟಿನ್ಯಾಗ ಕೆಂಪು ಕಣ ಆಗೂವೂ ಇದ್ವು, ಬಿಳಿ ಕಣ ಆಗೂವೂ ಇದ್ವು, ಪ್ಲೇಟ್ಲೆಟ್ ಉದುರಿಸೂ ದೊಡ್ಡ ಕೋಶಾನೂ ಇದ್ವು. ಲೂ ಸಿಮಿನೋವಿಚ್ ಅನ್ನಾಂವನ ಕೂಡಿ ಆ ಗಂಟಿನ ಕೋಶ ತಗದು ಮತ್ತೊಂದು ಇಲಿಗೆ ಹಾಕಿದ್ರ ಅಲ್ಲೂ ಹೊಸಾ ಗಂಟು ಎದ್ದವು. ಬದಲಾಗೂದೂ ಐತಿ, ತನ್ನಂಥಾದ್ದನ್ನ ಉಳಿಸೂದೂ ಐತಿ, ಎರಡೂ ಒಂದ ಕೋಶದ ಸಂತಾನದಾಗ. ಗುಲ್ಮದ ಗಂಟು ಮಾಡೂವು ಬಹುಪಾಲು ನಿಜವಾದ ಸ್ಟೆಮ್ ಸೆಲ್ಲಲ್ಲ, ಅದಕ್ಕಿಂತ ಒಂದೆರಡು ಹೆಜ್ಜಿ ಮುಂದ ಹೋದಂಥಾವು ಅಂತ ಆಮ್ಯಾಲೆ ಗೊತ್ತಾತು, ಆದ್ರೂ ಆ ಪ್ರಯೋಗದ ಗಟ್ಟಿತನ ಹಂಗ ಉಳೀತು.

ಇದರ ಮುಂದಿನ ಭಾಗ ನನಗ ಇನ್ನೂ ಸೇರತೈತಿ. ಒಂದೊಂದು ಗಂಟಿನ್ಯಾಗ ಮತ್ತ ಗಂಟು ಎಬ್ಬಿಸೂ ಶಕ್ತಿ ಇರೂ ಕೋಶ ಎಷ್ಟು ಅಂತ ಎಣಿಸಿದ್ರ, ಕೆಲವದರಾಗ ಒಂದೂ ಇಲ್ಲ, ಕೆಲವದರಾಗ ರಾಶಿಗಟ್ಟಲೆ. ಎಲ್ಲಾ ಒಂದ ಥರ ಇಲಿ, ಒಂದ ಥರ ಕೋಶ, ಆದ್ರೂ ಇಷ್ಟ ಫರಕು. 1964ರಾಗ ಅವರು ಹೇಳಿದ್ದು ಏನಂದ್ರ, ಒಂದೊಂದು ಕೋಶ ಉಳೀತೈತೋ ಬದಲಾಗತೈತೋ ಅನ್ನೂದು ಸಂಭವನೀಯತೆ ಮ್ಯಾಲೆ ನಿಂತೈತಿ, ಇಂಥಾ ಕೋಶ ಇಂಥಾದ್ದ ಆಗಬೇಕು ಅಂತ ಮೊದಲ ಬರದಿಟ್ಟಿಲ್ಲ. ಆದ್ರ ಸಾವಿರಾರು ಕೋಶ ಕೂಡಿದಾಗ ಒಟ್ಟು ಲೆಕ್ಕಾ ತಪ್ಪಂಗಿಲ್ಲ. ಅಂದ್ರ ಮ್ಯಾರೋದಾಗ ಆರಿಸೂ ಕೈ ಒಂದ ಇಲ್ಲ. ಸಂಭವನೀಯತೆ ಒಂದು ಕಡೆ, ಅದನ್ನ ಆ ಕಡೆ ಈ ಕಡೆ ವಾಲಿಸೂ ಸಂದೇಶಗಳು ಇನ್ನೊಂದು ಕಡೆ. ನಮ್ಮ ಜೀವ ನಿಂತಿದ್ದು ಇದರ ಮ್ಯಾಲೆ.

ಇನ್ನ ಆ ಸಂದೇಶದ ಮಾತು. ಸ್ಟೆಮ್ ಸೆಲ್ ಎಲಬಿನೊಳಗ ಎಲ್ಲಿ ಬೇಕಾದಲ್ಲಿ ಕುಂದ್ರಂಗಿಲ್ಲ. ರೇ ಸ್ಕೋಫೀಲ್ಡ್ ಅನ್ನೂ ವಿಜ್ಞಾನಿ 1978ರಾಗ, ಅದಕ್ಕೊಂದು ತನ್ನದ ಆದ ಜಾಗಾ ಇರಬೇಕು, ಆ ಜಾಗಾದಾಗ ಇರೂತನಕ ಅಷ್ಟ ಅದು ಸ್ಟೆಮ್ ಸೆಲ್ಲಾಗಿ ಉಳೀತೈತಿ ಅಂತ ಊಹಾ ಮಾಡಿದ. ಅದು ಖರೆ ಆತು. ಮ್ಯಾರೋದೊಳಗಿನ ಸಣ್ಣ ರಕ್ತನಾಳದ ಗೋಡಿ ಹತ್ತಿರ, ಆ ನಾಳದ ಸುತ್ತ ಇರೂ ಕೋಶಗಳು ಸಿಎಕ್ಸ್‌ಸಿಎಲ್12 ಅಂತೊಂದು, ಸ್ಟೆಮ್ ಸೆಲ್ ಫ್ಯಾಕ್ಟರ್ ಅಂತೊಂದು ಪ್ರೋಟೀನು ಬಿಡಕೋತ ಇರತಾವ. ಮೊದಲಿನದು ಅದನ್ನ ಅಲ್ಲೇ ಹಿಡದಿಡತೈತಿ, ಎರಡನೇದು ಅದನ್ನ ಜೀವಂತ ಇಡತೈತಿ. ಲಿವರಿನಿಂದ ಥ್ರಾಂಬೋಪೊಯೆಟಿನ್ ಅನ್ನೂ ಹಾರ್ಮೋನು ಬರತೈತಿ. ಹೆಸರು ನೋಡಿದ್ರ ಪ್ಲೇಟ್ಲೆಟ್ ಮಾಡಸೂದ ಅದರ ಕೆಲಸ ಅನಸತೈತಿ, ಆದ್ರ ಅದನ್ನ ಹಿಡಕೊಳ್ಳೂ ರಿಸೆಪ್ಟರ್ ಹುಟ್ಟಿನಿಂದ ಕೆಟ್ಟಿರೂ ಮಕ್ಕಳಿಗೆ ಮೊದಲ ಪ್ಲೇಟ್ಲೆಟ್ ಕಡಿಮಿ ಆಗತಾವ, ಕೆಲವು ವರ್ಷದಾಗ ಕೆಂಪು ಬಿಳಿ ಎಲ್ಲಾ ಕಡಿಮಿ ಆಗಿ ಇಡೀ ಮ್ಯಾರೋನ ಕೈ ಬಿಡತೈತಿ. ಅಂದ್ರ ಸ್ಟೆಮ್ ಸೆಲ್ ಸ್ಟೆಮ್ ಸೆಲ್ಲಾಗಿ ಉಳಿಯಾಕೂ ಅದ ಹಾರ್ಮೋನು ಬೇಕು.

ನಾನು ಈ ಬರಹದಾಗ ಹೇಳಬೇಕಂದಿದ್ದು ಮುಖ್ಯವಾಗಿ ಇದನ್ನ. ನಾವು ಯಾವಾಗ್ಲೂ ಬದಲಾಗೂದನ್ನ ದೊಡ್ಡ ಕೆಲಸ ಅಂದಕೋತೀವಿ, ಕೋಶ ಬೆಳದು ಕೆಂಪು ಕಣ ಆತು, ಭೇಷ್. ಇದ್ದಂಗ ಇರೂದು ಅಂದ್ರ ಏನೂ ಮಾಡದ ಕುಂತಂಗ ಅಂತ ಲೆಕ್ಕ. ಮ್ಯಾರೋದಾಗ ಹಂಗಿಲ್ಲ. ಅಲ್ಲಿ ಬಿಟ್ಟಬಿಟ್ರ ಕೋಶ ಬದಲಾಗೇ ಬಿಡತೈತಿ, ಅದನ್ನ ಇದ್ದಂಗ ಉಳಿಸಾಕ ಹತ್ತು ಕಡಿಂದ ಹಿಡದಿಡಬೇಕು. ಉಳಿಯೂದೂ ಒಂದು ಕೆಲಸ, ಮತ್ತ ಅದ ಹೆಚ್ಚು ತ್ರಾಸಿನ ಕೆಲಸ.

ಹಂಗ ಉಳಕೊಳ್ಳಾಕ ಸ್ಟೆಮ್ ಸೆಲ್ ಮಾಡೂ ದೊಡ್ಡ ಉಪಾಯ ಅಂದ್ರ ಸುಮ್ಮನಿರೂದು. ದಿನಕ್ಕ 20,000 ಕೋಟಿ ಕೆಂಪು ಕಣದ ಮೂಲ ಆದ್ರೂ ಅದು ತಾನು ಒಡಿಯೂದು ತಿಂಗಳುಗಟ್ಟಲೆಗೊಮ್ಮೆ, ಒಮ್ಮೊಮ್ಮೆ ವರ್ಷಕ್ಕೊಮ್ಮೆ. ಮ್ಯಾರೋದ ಮಧ್ಯ ಆಮ್ಲಜನಕ ಕಡಿಮಿ ಇರೂ ಜಾಗಾದಾಗ, ಕೋಶಕ್ಕ ಶಕ್ತಿ ಮಾಡಿಕೊಡೂ ಮೈಟೊಕಾಂಡ್ರಿಯಾಕ್ಕ ಭಾಳ ಕೆಲಸ ಕೊಡದ, ಹೆಚ್ಚೂ ಕಡಿಮಿ ಮಲಗಿದಂಗ ಇರತೈತಿ. ಹೆಂಗ ಲೆಕ್ಕ ಕೂಡತೈತಿ ಅಂದ್ರ, ಅದರಿಂದ ಹೊಂಟ ಒಂದು ಮರಿ ನಡುವ ಭಾಳ ಸಲ ಒಡೀತೈತಿ. ಒಂದು ಎರಡು, ಎರಡು ನಾಕು, ಹಿಂಗ 20 ಸಲ ಆದ್ರ 10 ಲಕ್ಷ ದಾಟತೈತಿ. ಗುಣಾಕಾರ ಎಲ್ಲಾ ದಾರಿಯಾಗ ಆಗತೈತಿ, ಮೂಲದಾಗಲ್ಲ. ಇದರ ಲಾಭ ಏನಂದ್ರ ಒಡದಾಗೊಮ್ಮೆ ಡಿಎನ್‌ಎ ನಕಲು ಮಾಡಬೇಕು, ನಕಲಿನ್ಯಾಗ ತಪ್ಪು ಬೀಳತಾವ, ಮೂಲದ ಕೋಶ ಕಡಿಮಿ ಒಡದಷ್ಟು ತಪ್ಪು ಕಡಿಮಿ. ಅಷ್ಟಾದ್ರೂ ನಮ್ಮ ಒಂದೊಂದು ಸ್ಟೆಮ್ ಸೆಲ್ಲಿಗೆ ವರ್ಷಕ್ಕ ಸುಮಾರು 17 ಹೊಸಾ ಬದಲಾವಣಿ ಕೂಡತಾವ.

ದಾರಿ ಹಿಡದ ಕೋಶದ ಕತಿ ನನ್ನ ಮೈಕ್ರೋಸ್ಕೋಪಿನ ಕೆಳಗ ಸ್ವಲ್ಪ ಕಾಣತೈತಿ, ಪೂರ್ತಿ ಅಲ್ಲ. ಶುರುವಿನ್ಯಾಗ ಗಾಟಾ1 ಮತ್ತ ಪಿಯು.1 ಅನ್ನೂ ಎರಡು ಪ್ರೋಟೀನು ಒಂದನ್ನೊಂದು ಅದುಮಕೋತ ಇರತಾವ, ಮೊದಲನೇದರ ಕೈ ಮ್ಯಾಲಾದ್ರ ಕೋಶ ಕೆಂಪು ಕಣದ ಕಡೆ, ಎರಡನೇದು ಮ್ಯಾಲಾದ್ರ ಬಿಳಿ ಕಣದ ಕಡೆ. ಪುಸ್ತಕದಾಗ ಇದನ್ನ ಟೊಂಗಿ ಒಡದ ಗಿಡದ ಚಿತ್ರದಾಗ ತೋರಿಸ್ತಾರ, ಆದ್ರ ಒಂದೊಂದು ಕೋಶದ ಆರ್‌ಎನ್‌ಎ ಓದೂ ತಂತ್ರ ಬಂದ ಮ್ಯಾಲೆ ಅಷ್ಟ ಕಡಕ್ ಟೊಂಗಿ ಇಲ್ಲ, ನಿಧಾನಕ ಒಂದು ಕಡೆ ವಾಲಕೋತ ಹೋಗತಾವ ಅಂತ ಗೊತ್ತಾಗೇತಿ. ಕೆಂಪು ಕಣದ ದಾರಿ ಹಿಡದದ್ದು ಹಿಮೋಗ್ಲೋಬಿನ್ ತುಂಬಕೋತ, ನಾಕೈದು ಸಲ ಒಡದು, ಕೊನಿಗೆ ತನ್ನ ನ್ಯೂಕ್ಲಿಯಸ್ಸನ್ನ ಹೊರಗ ದಬ್ಬತೈತಿ. ನಡುವ ಕುಂತ ಒಂದು ದೊಡ್ಡ ಮ್ಯಾಕ್ರೋಫೇಜ್ ಕೋಶ, ಸುತ್ತ ಈ ಎಳೇ ಕೆಂಪು ಕೋಶ, ಅವು ದಬ್ಬಿದ ನ್ಯೂಕ್ಲಿಯಸ್ಸನ್ನ ಆ ಮ್ಯಾಕ್ರೋಫೇಜ್ ನುಂಗತೈತಿ. ಆಮ್ಯಾಲೆ ರಕ್ತಕ್ಕ ಇಳದು ಬರೂದು ರೆಟಿಕ್ಯುಲೋಸೈಟ್, ಒಂದೆರಡು ದಿನ ಎಳೇತನದ ಆರ್‌ಎನ್‌ಎ ಇನ್ನೂ ಒಳಗ ಇರತೈತಿ. ರಕ್ತಕ್ಕ ನ್ಯೂ ಮಿಥಿಲೀನ್ ಬ್ಲೂ ಬಣ್ಣ ಕೂಡಿಸಿ ಸ್ಲೈಡ್ ಮಾಡಿದ್ರ ನೀಲಿ ಜಾಳಿಗಿ ಕಂಡಂಗ ಕಾಣತೈತಿ. ಐರನ್ ಕಡಿಮಿ ಆಗಿ ಬಿಳಚಿಕೊಂಡ ಬಸರಿ ಹೆಣ್ಣಮಕ್ಕಳಿಗೆ ಗುಳಿಗಿ ಶುರು ಮಾಡಿ ಒಂದು ವಾರ ಬಿಟ್ಟು ಸ್ಲೈಡ್ ನೋಡಿದ್ರ ಈ ನೀಲಿ ಜಾಳಿಗಿ ಎದ್ದಿರತಾವ, ಹಿಮೋಗ್ಲೋಬಿನ್ ನಂಬರ್ ಏರೂಕಿಂತ ಮೊದಲ. ಮ್ಯಾರೋ ಉತ್ತರಾ ಕೊಟ್ಟಿದ್ದನ್ನ ಕಣ್ಣಿಂದ ನೋಡೂದು ಅದು, ಎಷ್ಟ ವರ್ಷ ಆದ್ರೂ ನನಗ ಖುಷಿ ಕೊಡತೈತಿ.

ಕೆಂಪು ಕಣಕ್ಕ ಬೇಕಾದ ಎರಿತ್ರೋಪೊಯೆಟಿನ್ ಬರೂದು ಕಿಡ್ನಿಯಿಂದ. ಡಯಾಲಿಸಿಸ್ ಮಾಡಸ್ಕೊಳ್ಳೂ ಮಂದಿಗೆ ಹೊಟ್ಟಿಗೋ ತೋಳಿಗೋ ಇಂಜೆಕ್ಷನ್ ಕೊಡೂದು ಇದನ್ನ. ಇದು ಸ್ಟೆಮ್ ಸೆಲ್ಲಿಗೆ ಹೋಗಿ ನೀನು ಕೆಂಪು ಕಣ ಆಗು ಅಂತ ಹೇಳಂಗಿಲ್ಲ, ಆಗಲೇ ಆ ದಾರಿ ಹಿಡದ ಎಳೇ ಕೋಶ ಸಾಯದಂಗ ನೋಡಕೋತೈತಿ. ಇದನ್ನ ಮೊದಲ ಸಲ ಶುದ್ಧ ಮಾಡಿ ತಗದದ್ದು 1977ರಾಗ, ಶಿಕಾಗೋದ ಯೂಜಿನ್ ಗೋಲ್ಡ್‌ವಾಸರ್ ಮತ್ತ ಜಪಾನಿನ ಟಕಾಜಿ ಮಿಯಾಕೆ ಕೂಡಿ. ಎಲ್ಲಿಂದ ಅಂದ್ರ, ಏಪ್ಲಾಸ್ಟಿಕ್ ಅನೀಮಿಯಾ ರೋಗಿಗಳ 2,550 ಲೀಟರ್ ಮೂತ್ರದಿಂದ, ಸಿಕ್ಕಿದ್ದು ಕೆಲವ ಮಿಲಿಗ್ರಾಂ. ಆ ರೋಗಿಗಳ ಮೂತ್ರಾನ ಯಾಕಂದ್ರ ಅವರ ಮ್ಯಾರೋದಾಗ ಸ್ಟೆಮ್ ಸೆಲ್ಲ ಹೆಚ್ಚೂ ಕಡಿಮಿ ಇರಂಗಿಲ್ಲ, ಕಿಡ್ನಿ ಕೂಗಕೋತ ಕೂಗಕೋತ ಹಾರ್ಮೋನು ಹೆಚ್ಚಿಗಿ ಬಿಡತೈತಿ, ಕೇಳಿಸಿಕೊಳ್ಳಾಕ ಆ ಕಡೆ ಯಾರೂ ಇಲ್ಲ.

ಥಲಸೀಮಿಯಾ ಮಕ್ಕಳದು ಇದಕ್ಕ ಉಲ್ಟಾ ಕತಿ. ಅವರ ಸ್ಟೆಮ್ ಸೆಲ್ ತನ್ನನ್ನ ತಾನು ಉಳಿಸಿಕೊಳ್ಳೂದರಾಗ ಕಡಿಮಿ ಇಲ್ಲ, ದಾರಿ ಹಿಡಿಯೂದೂ ಹಿಡೀತೈತಿ. ಆದ್ರ ಹಿಮೋಗ್ಲೋಬಿನ್ ಆಗಾಕ ಆಲ್ಫಾ ಮತ್ತ ಬೀಟಾ ಎರಡು ಸರಪಳಿ ಜೋಡಿ ಆಗಬೇಕು, ಬೀಟಾ ಜೀನ್ ಕೆಟ್ಟಿದ್ದಕ್ಕ ಜೋಡಿ ಸಿಗದ ಆಲ್ಫಾ ಸರಪಳಿ ಗಡ್ಡಿಗಟ್ಟಿ ಎಳೇ ಕೋಶಾನ ಒಳಗಿಂದ ಹಾಳು ಮಾಡತಾವ, ಬಹಳಷ್ಟು ಮ್ಯಾರೋದಾಗನ ಸಾಯತಾವ. ರಕ್ತ ಕಡಿಮಿ ಆತಂತ ಕಿಡ್ನಿ ಇನ್ನಷ್ಟು ಹಾರ್ಮೋನು ಬಿಡತೈತಿ, ಮ್ಯಾರೋ ಇನ್ನಷ್ಟು ಹಿಗ್ಗತೈತಿ, ಇನ್ನಷ್ಟು ಸಾಯತಾವ. ಸರಿಯಾಗಿ ರಕ್ತ ಏರಿಸದ ಮಕ್ಕಳ ಹಣಿ, ಗಲ್ಲದ ಎಲಬು ಉಬ್ಬೂದು ಇದಕ್ಕ, ಒಳಗ ಮ್ಯಾರೋ ಜಾಗಾ ಸಾಲದ ಎಲಬನ್ನ ದಬ್ಬತೈತಿ. ರಕ್ತ ಏರಿಸಿದ್ರ ಇದು ನಿಲ್ಲತೈತಿ, ಆದ್ರ ಒಂದೊಂದು ಚೀಲದ ಕೂಡ 200ರಿಂದ 250 ಮಿಲಿಗ್ರಾಂ ಕಬ್ಬಿಣ ಮೈ ಸೇರತೈತಿ, ಅದನ್ನ ಹೊರಗ ಹಾಕೂ ದಾರಿ ಮೈಗೆ ಇಲ್ಲ, ಅದಕ್ಕ ದಿನಾ ಗುಳಿಗಿ. ತಂದಿ ತಾಯಿ ಇಬ್ಬರೂ ಆ ಜೀನ್ ಹೊತ್ತವರಾದ್ರ ಪ್ರತಿ ಬಸರಿನ್ಯಾಗೂ ನಾಕರಾಗ ಒಂದು ಪಾಲು ಹಿಂಗ ಆಗೂ ಸಂಭವ ಐತಿ. ಸ್ವಾದರಮಾವನ್ನ, ಅತ್ತಿ ಮಗನ್ನ ಮದುವಿ ಆಗೂ ನಮ್ಮ ಕಡೆ ಲಗ್ನದ ಮೊದಲ, ಆ ಜೀನ್ ಹೊತ್ತವರನ್ನ ಗುರುತಿಸೂ ಒಂದು ಎಚ್‌ಬಿಎ2 ಟೆಸ್ಟ್ ಮಾಡಸೂದು ಎಷ್ಟ ಸಣ್ಣ ಕೆಲಸ ಅಂತ ನನಗ ಪ್ರತಿ ಸಲ ಅನಸತೈತಿ.

ಉಳಿಯೂದು ಮತ್ತ ಬದಲಾಗೂದು ಇವೆರಡರ ತೂಕ ತಪ್ಪಿದ್ರ ಏನಾಗತೈತಿ ಅನ್ನೂದಕ್ಕ ರಕ್ತದ ಕ್ಯಾನ್ಸರ್ ಆದ ಲ್ಯುಕೇಮಿಯಾ ಸಾಕ್ಷಿ. ಅಕ್ಯೂಟ್ ಲ್ಯುಕೇಮಿಯಾದಾಗ ಎಳೇ ಕೋಶ ಒಡಕೋತ ಹೋಗತಾವ, ಬೆಳಿಯಾಕ ಒಲ್ಲೆ ಅಂತಾವ, ರಕ್ತ ಸವರಿದ ಸ್ಲೈಡಿನ್ಯಾಗ ಬ್ಲಾಸ್ಟ್ ಅನ್ನೂ ಈ ಎಳೇ ಕೋಶದ ದಂಡ ಕಾಣತೈತಿ. ಇವನ್ನ ಕೊಲ್ಲೂದು ಬಿಟ್ಟು ಬೆಳಸಿದ್ರ ಹೆಂಗ ಅಂತ ವಿಚಾರ ಮಾಡಿದಾಂವ ಶಾಂಘೈಯ ಡಾಕ್ಟರ್ ವಾಂಗ್ ಝೆನ್‌ಯಿ. ಪ್ರೋಮೈಲೋಸಿಟಿಕ್ ಅನ್ನೂ ಒಂದು ನಮೂನಿ ಲ್ಯುಕೇಮಿಯಾದಾಗ ಕ್ರೋಮೋಸೋಮ್ 15 ಮತ್ತ 17ರ ತುಂಡು ಅದಲು ಬದಲಾಗಿ, ಕೋಶ ಒಂದು ಹಂತಕ್ಕ ಬಂದು ನಿಂತುಬಿಡತೈತಿ. 1985ರಾಗ ಆತ 5 ವರ್ಷದ ಒಂದು ಹುಡುಗಿಗೆ ವಿಟಮಿನ್ ಎ ಜಾತಿಯ ರೆಟಿನೋಯಿಕ್ ಆಸಿಡ್ ಕೊಟ್ಟ. ಸಾಯಾಕ ಬಿದ್ದ ಹುಡುಗಿ ಎದ್ದು ಕುಂತ್ಲು. 1988ರಾಗ 24 ರೋಗಿಗಳ ವರದಿ ಬಂತು, 23 ಮಂದಿ ಆ ಒಂದ ಔಷಧದಿಂದ ರೋಗದ ಗುರುತು ಕಾಣದ ಹಂತಕ್ಕ, ಅಂದ್ರ ರೆಮಿಶನ್‌ಗೆ ಬಂದಿದ್ರು. ನಿಂತ ಕೋಶಗಳು ಮುಂದ ನಡದು, ಬೆಳದು, ತಮ್ಮ ಆಯುಷ್ಯ ಮುಗಿಸಿ ತಾವ ಸತ್ತಿದ್ವು. ಇವತ್ತ ಅದಕ್ಕ ಆರ್ಸೆನಿಕ್ ಕೂಡಿಸಿ ಕೊಡ್ತಾರ, ಒಂದು ಕಾಲಕ್ಕ ಎಲ್ಲಾಕ್ಕಿಂತ ಬೇಗ ಜೀವ ತಗೋತಿದ್ದ ಆ ಲ್ಯುಕೇಮಿಯಾ ಇವತ್ತ ಬಹಳಷ್ಟು ಮಂದಿಗೆ ಪೂರ್ತಿ ವಾಸಿ ಆಗತೈತಿ.

ವಯಸ್ಸಾದಂಗ ಇನ್ನೊಂದು ನಡೀತೈತಿ, ರೋಗ ಅನ್ನಾಕ ಬರಂಗಿಲ್ಲ. ಡಿಎನ್‌ಎಂಟಿ3ಎ ಅಂಥಾ ಜೀನಿನ್ಯಾಗ ಬದಲಾವಣಿ ಬಿದ್ದ ಒಂದು ಸ್ಟೆಮ್ ಸೆಲ್ ಉಳದವಕ್ಕಿಂತ ಸ್ವಲ್ಪ ಹೆಚ್ಚಿಗಿ ಉಳಕೋತೈತಿ, ಸ್ವಲ್ಪ ಅಂದ್ರ ಸ್ವಲ್ಪ, ಆದ್ರ ನಲವತ್ತು ಐವತ್ತು ವರ್ಷದಾಗ ಅದರ ಸಂತಾನ ದೊಡ್ಡದಾಗತೈತಿ. 2022ರಾಗ ಪ್ರಕಟ ಆದ ಒಂದು ಅಧ್ಯಯನದಾಗ 75 ದಾಟಿದವರ ರಕ್ತದ 30ರಿಂದ 60 ಪರ್ಸೆಂಟ್ ಬರೇ 12ರಿಂದ 18 ಕೋಶದ ಸಂತಾನ ಆಗಿತ್ತು. ಹರೇದಾಗ ಸಾವಿರಾರು ವಂಶ, ಮುಪ್ಪಿನ್ಯಾಗ ಹತ್ತಿಪ್ಪತ್ತು.

ಇನ್ನ ಆ ತಾಯಿ ಪ್ರಶ್ನೆಗೆ ಬರತೀನಿ. ಕೊಡೂ ಮಗುವಿಗೆ ಅರಿವಳಿಕೆ ಕೊಟ್ಟು ಸೊಂಟದ ಹಿಂದಿನ ಎಲಬಿನಿಂದ ಸೂಜಿಯಿಂದ ಮ್ಯಾರೋ ಎಳೀತಾರ. ಬೆನ್ನಹುರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ, ಇದನ್ನ ನಮ್ಮ ಕಡೆ ಭಾಳ ಮಂದಿ ತಪ್ಪು ತಿಳಕೊಂಡಾರ. ಕೊಡೂವರ ತೂಕದ ಕಿಲೋಕ್ಕ 20 ಮಿಲಿಲೀಟರಿಗಿಂತ ಹೆಚ್ಚಿಗಿ ತಗಿಯಂಗಿಲ್ಲ, ಅಂದ್ರ 15 ಕಿಲೋ ಹುಡುಗಿಯಿಂದ ಹೆಚ್ಚಂದ್ರ 300 ಮಿಲಿಲೀಟರ್. ಕೆಲವು ದಿನ ಸೊಂಟ ನೋಯತೈತಿ, ರಕ್ತ ಸ್ವಲ್ಪ ಇಳೀತೈತಿ, ಐರನ್ ಕೊಡ್ತಾರ. ಹೋದ ಸ್ಟೆಮ್ ಸೆಲ್ ಒಟ್ಟಿನೊಳಗ ಸಣ್ಣ ಪಾಲು, ಉಳದವು ಸ್ವಲ್ಪ ಎದ್ದು ಒಡದು, ಕೆಲವು ವಾರದಾಗ ಜಾಗಾ ತುಂಬಿ, ಮತ್ತ ಸುಮ್ಮನಾಗತಾವ. ಮುಂದ ಆಕಿ ಲಗ್ನಕ್ಕ, ಮಕ್ಕಳಾಗೂದಕ್ಕ ಇದರಿಂದ ಏನೂ ಅಡ್ಡಿ ಇಲ್ಲ.

ತ್ರಾಸೆಲ್ಲಾ ತಗೊಳ್ಳೂ ಹುಡುಗಗ. ಮೊದಲ ಬುಸಲ್ಫಾನ್ ಅಂಥಾ ಔಷಧ ಕೊಟ್ಟು ಅವನ ಹಳೇ ಮ್ಯಾರೋ ಪೂರ್ತಿ ಅಳಿಸಬೇಕು, ಆ ವಾರಗಳಾಗ ಸೋಂಕಿನ ಅಂಜಿಕಿ, ಆಮ್ಯಾಲೆ ತಂಗಿ ಕೋಶ ಅವನ ಮೈಯನ್ನ ಬ್ಯಾರೇದು ಅಂತ ಹೊಡಿಯೂ ಅಂಜಿಕಿ, ಮುಂದ ಅವಗ ಮಕ್ಕಳಾಗೂದಕ್ಕ ತೊಂದರೆ ಆಗೂ ಸಾಧ್ಯತೆ. ಇವನ್ನೆಲ್ಲಾ ಮುಚ್ಚಿಡಬಾರದು. ಹಾಕೂ ರೀತಿ ಮಾತ್ರ ಭಾಳ ಸರಳ, ಎಲಬಿಗೆ ಏನೂ ಹಾಕಂಗಿಲ್ಲ, ರಕ್ತ ಏರಿಸಿದಂಗ ರಕ್ತನಾಳದಾಗ ಬಿಡ್ತಾರ. ಸ್ಟೆಮ್ ಸೆಲ್ ಮೈತುಂಬ ತಿರಗಿ, ಸಿಎಕ್ಸ್‌ಸಿಎಲ್12 ಎಲ್ಲಿಂದ ಬರತೈತಿ ಅಂತ ಗುರುತು ಹಿಡದು, ತಾವ ಎಲಬಿನೊಳಗಿನ ತಮ್ಮ ಜಾಗಾ ಹುಡಕಿ ಕುಂದ್ರತಾವ. ಎರಡರಿಂದ ನಾಕು ವಾರದಾಗ ಬಿಳಿ ಕಣ ಏರಾಕ ಶುರು ಆಗತಾವ. ತಂಗಿ ಓ ಗುಂಪಿನಾಕಿ ಅಣ್ಣ ಎ ಗುಂಪಿನಾಂವ ಇದ್ರ ತಿಂಗಳು ಹೋದಂಗ ಅವನ ಗುಂಪ ಓ ಆಗತೈತಿ, ನಮ್ಮಂಥಾ ಬ್ಲಡ್ ಬ್ಯಾಂಕಿನವರು ಆ ನಡುವಿನ ತಿಂಗಳಾಗ ಯಾವ ಚೀಲ ಕೊಡಬೇಕು ಅನ್ನೂದನ್ನ ಭಾಳ ಎಚ್ಚರಿಕಿಂದ ನೋಡಬೇಕಾಗತೈತಿ. ಅವನ ಚರ್ಮ, ಕೂದಲಾ ಹಳೇವು, ರಕ್ತದಾಗ ಮಾತ್ರ ಎರಡು ಎಕ್ಸ್ ಕ್ರೋಮೋಸೋಮ್, ತಂಗೀದು. ಟ್ರಾನ್ಸ್‌ಪ್ಲಾಂಟ್ ಹಿಡಿತೋ ಇಲ್ಲೋ ಅಂತ ಲ್ಯಾಬಿನ್ಯಾಗ ಇದನ್ನ ನೋಡ್ತಾರ.

ಥಲಸೀಮಿಯಾಕ್ಕ ಇದನ್ನ ಮೊದಲ ಮಾಡಿದ್ದು 1981ರಾಗ. ನಮ್ಮ ದೇಶದಾಗ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಶುರು ಆಗಿದ್ದು 1983ರಾಗ ಮುಂಬೈಯ ಟಾಟಾ ಮೆಮೋರಿಯಲ್‌ನ್ಯಾಗ. ಒಡಹುಟ್ಟಿದವರೊಳಗ ಪೂರ್ತಿ ಮ್ಯಾಚ್ ಆಗೂ ಸಂಭವ ಒಬ್ಬೊಬ್ಬರಿಗೆ 25 ಪರ್ಸೆಂಟ್. ಖರ್ಚಿಗೆ ಕೋಲ್ ಇಂಡಿಯಾದ ರೊಕ್ಕದಿಂದ ಕೇಂದ್ರ ಆರೋಗ್ಯ ಸಚಿವಾಲಯ 2017ರಾಗ ಶುರು ಮಾಡಿದ ಥಲಸೀಮಿಯಾ ಬಾಲ ಸೇವಾ ಯೋಜನಾ ಐತಿ, 10 ಲಕ್ಷದತನಕ ಸಹಾಯ ಸಿಗತೈತಿ. ಇದು ಗೊತ್ತಿಲ್ಲದ ಎಷ್ಟೋ ಮಂದಿ ಬಾದಾಮಿ, ಬೀಳಗಿ, ಇಂಡಿ ಕಡೆಯ ಹಳ್ಳಿಗಳಾಗ ಹೊಲಾ ಮಾರೂದ ದಾರಿ ಅಂತ ಕುಂತಾರ.

ಸ್ಟೆಮ್ ಸೆಲ್ಲಿನ ಶಕ್ತಿಗೂ ಒಂದು ಮಿತಿ ಐತಿ, ಅದನ್ನೂ ಹೇಳಬೇಕು. ಒಂದು ಇಲಿಯ ಮ್ಯಾರೋ ಇನ್ನೊಂದಕ್ಕ, ಅದರದು ಮತ್ತೊಂದಕ್ಕ, ಹಿಂಗ ಸಾಲಾಗಿ ಹಾಕಕೋತ ಹೋದ್ರ ನಾಕೈದು ಸುತ್ತಿಗೆ ಕೋಶ ಸೋಲತಾವ. ಮಲಗಾಕ ಬಿಡದ ಪದೇ ಪದೇ ಎಬ್ಬಿಸಿದ್ರ ಉಳಿಯೂ ಗುಣ ಹೋಗತೈತಿ. ಒಬ್ಬ ತಂಗಿ ಒಮ್ಮೆ ಕೊಟ್ರ ಇಂಥಾ ಸೋಲು ಬರಂಗಿಲ್ಲ, ಆದ್ರ "ಎಷ್ಟ ಬೇಕಾದಷ್ಟು" ಅನ್ನೂ ಮಾತು ಇಲ್ಲಿ ನಡಿಯಂಗಿಲ್ಲ.

ಅದಕ್ಕ ಇವನ್ನ ಮೈ ಹೊರಗ ಬೆಳಸಬೇಕು ಅಂತ ಹತ್ತಾರು ವರ್ಷದಿಂದ ಹೊಡದಾಟ ನಡದೈತಿ. ಡಿಶ್‌ನ್ಯಾಗ ಹಾಕಿದ್ರ ಸಾಕು, ಒಡೀತಾವ ಖರೆ, ಆದ್ರ ಎಲ್ಲಾ ಬದಲಾಗಿ ಹೋಗತಾವ, ಸ್ಟೆಮ್ ಸೆಲ್ಲಾಗಿ ಒಂದೂ ಉಳಿಯಾಕ ಒಲ್ಲದು. 2019ರಾಗ ಟೋಕಿಯೊ ಮತ್ತ ಸ್ಟ್ಯಾನ್‌ಫೋರ್ಡಿನ ಆಡಂ ವಿಲ್ಕಿನ್ಸನ್, ಸತೋಶಿ ಯಮಝಾಕಿ, ಹಿರೋಮಿತ್ಸು ನಕೌಚಿ ಇವರು, ಎಲ್ಲಾರೂ ಡಿಶ್‌ಗೆ ಹಾಕತಿದ್ದ ಅಲ್ಬುಮಿನ್ ಅನ್ನೂ ರಕ್ತದ ಪ್ರೋಟೀನು ತಗದು, ಅಂಟಿನ್ಯಾಗ ಬಳಸೂ ಪಾಲಿವಿನೈಲ್ ಆಲ್ಕೋಹಾಲ್ ಹಾಕಿ, ಥ್ರಾಂಬೋಪೊಯೆಟಿನ್ ಹೆಚ್ಚು ಮಾಡಿ, ಸ್ಟೆಮ್ ಸೆಲ್ ಫ್ಯಾಕ್ಟರ್ ಕಡಿಮಿ ಮಾಡಿ ನೋಡಿದ್ರು. ಇಲಿಯ ಸ್ಟೆಮ್ ಸೆಲ್ 28 ದಿನದಾಗ 236ರಿಂದ 899 ಪಟ್ಟು ಆದ್ವು, ಸ್ಟೆಮ್ ಸೆಲ್ಲಾಗೇ. ಇನ್ನೊಂದು ನೋಡ್ರಿ, ಅಷ್ಟ ಹೆಚ್ಚು ಕೋಶ ಕೈಯಾಗ ಇದ್ದಾಗ, ಹಳೇ ಮ್ಯಾರೋ ಅಳಿಸದನ ಇಲಿಗೆ ಹಾಕಿದ್ರೂ ಅವು ಹೋಗಿ ಜಾಗಾ ಹಿಡದ್ವು. 2023ರಾಗ ಮನಷ್ಯಾರ ಹೊಕ್ಕಳಬಳ್ಳಿ ರಕ್ತದ ಸ್ಟೆಮ್ ಸೆಲ್ಲನ್ನೂ ಅಲ್ಬುಮಿನ್ ಇಲ್ಲದ, ಬ್ಯಾರೆ ಪಾಲಿಮರ್ ಹಾಕಿ ಬೆಳಸಿದ್ರು. ಇಲಿಯಾಗ ಆದಂಗ ಅಳಿಸದನ ಹಿಡಿಸೂ ಮಟ್ಟಕ್ಕ ಮನಷ್ಯಾರ ಕೋಶ ಬಂದ್ರ, ಆ ಹುನಗುಂದದ ಹುಡುಗನಂಥಾವರಿಗೆ ಬುಸಲ್ಫಾನ್ ಕೊಡೂದ ಬೇಕಾಗಂಗಿಲ್ಲ, ತಂಗಿಯಿಂದ ತಗಿಯೂ ಮ್ಯಾರೋ 300 ಮಿಲಿಲೀಟರಿನ ಬದಲಿ ಒಂದು ಸಿರಿಂಜಿನಷ್ಟಾದ್ರೂ ಸಾಕಾದೀತು.